ಖಾಲಿ ಆಕಾಶಕ್ಕೆ ತಿರುಗಿಸಿದ ದುರ್ಬೀನು

ಒಂದು ಸಂಜೆ ಕಾಪುವಿನ ಕಡಲ ಬದಿಯಲ್ಲಿ, ಎಪ್ಪತ್ತು ದಾಟಿದ ಒಬ್ಬ ಹಿರಿಯರ ಮುಂದೆ ದುರ್ಬೀನು ಇಟ್ಟು, "ಧೂಮಕೇತು ಸರಿಯಾಗಿ ನಡುವಿನಲ್ಲೇ ಉಂಟು, ನೋಡಿ" ಎಂದೆ. ನಡುವಿನಲ್ಲಿ ಏನೂ ಇರಲಿಲ್ಲ. ಬೇಕೆಂದೇ ಖಾಲಿ ಆಕಾಶಕ್ಕೆ ತಿರುಗಿಸಿ ಇಟ್ಟಿದ್ದೆ. ಆ ಮನುಷ್ಯ ನನಗೆ ಆಕಾಶ ನೋಡುವುದನ್ನು ಕಲಿಸಿದವರು. ಯಾಕೆ ಹಾಗೆ ಮಾಡಿದೆ, ಅದರಿಂದ ಏನಾಯಿತು ಎಂದು ಬರೆದಿಡದಿದ್ದರೆ ನನಗೆ ಸಮಾಧಾನವಿಲ್ಲ. ಸಮಾಧಾನ ಎಂಬುದು ನನ್ನ ಜಾತಕದಲ್ಲೇ ಇಲ್ಲ ಎಂದು ಅಮ್ಮ ಹೇಳುತ್ತಿದ್ದಳು, ಅದು ಬೇರೆ ಮಾತು.

ನಾನು ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಮನೆ ಕಡಿಯಾಳಿಯಲ್ಲಿ. ಎಂಟನೇ ತರಗತಿಯಿಂದ ದಪ್ಪ ಗಾಜಿನ ಕನ್ನಡಕ. ಅದನ್ನು ತೆಗೆದರೆ ಎದುರಿಗೆ ನಿಂತವರು ಅತ್ತೆಯೋ ಚಿಕ್ಕಮ್ಮನೋ ಎಂದು ಧ್ವನಿ ಕೇಳಿಯೇ ಹೇಳಬೇಕು. "ಸೋಡಾ ಬಾಟ್ಲಿ" ಎಂದು ಕರೆಸಿಕೊಂಡು ಶಾಲೆ ಮುಗಿಸಿದವಳು ನಾನು. ಹಾಗಾಗಿ ಕಣ್ಣಿನ ವಿಷಯದಲ್ಲಿ ಯಾರಾದರೂ ಕೊಂಕು ನುಡಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಆ ಹಿರಿಯರು ಉದ್ಯಾವರದವರು, ಕೊಂಕಣಿ ಮಾತಾಡುವ ಕ್ಯಾಥೊಲಿಕರು. ನಮ್ಮಲ್ಲಿ ತುಳುವರು ಅಂಥವರನ್ನು ಗೌರವದಿಂದ ಪೊರ್ಬುಗಳು ಎನ್ನುವುದುಂಟು. ನಾನೂ ಹಾಗೇ ಕರೆದೆ, ಅದೇ ಉಳಿಯಿತು. ಸುಮಾರು ಹನ್ನೆರಡು ವರ್ಷದ ಹಿಂದೆ ಮೊಣಕಾಲಿನ ಎಕ್ಸ್‌ರೇಗೆ ಬಂದಿದ್ದರು. ಕೆಲಸ ಮುಗಿದ ಮೇಲೆ ಹೋಗದೆ ಬಾಗಿಲಲ್ಲೇ ನಿಂತು, "ಬಿಸಾಡುವ ಹಳೆಯ ಫಿಲ್ಮ್ ಇದ್ದರೆ ಎರಡು ಕೊಡ್ತೀರಾ?" ಎಂದರು.

"ಗ್ರಹಣ ನೋಡ್ಲಿಕ್ಕಾ?" ಎಂದೆ.

"ಛೆ ಛೆ! ಎಂತ ಮಾರಾಯ್ತಿ, ಎಕ್ಸ್‌ರೇಯಲ್ಲಿ ಕೆಲಸ ಮಾಡುವವಳು ನೀನೇ ಹೀಗೆ ಹೇಳಿದರೆ? ಗ್ರಹಣವನ್ನು ಅದರಲ್ಲಿ ನೋಡಿದರೆ ಕಣ್ಣು ಹೋಗುತ್ತದೆ!" ಎಂದು ಗದರಿದರು. ಗುರುತು ಪರಿಚಯವಿಲ್ಲದವರಿಂದ ಬೈಸಿಕೊಂಡರೂ ನನಗೆ ಯಾಕೋ ನಗು ಬಂತು. ಅವರಿಗೆ ಫಿಲ್ಮ್ ಬೇಕಾಗಿದ್ದದ್ದು ಬೇರೆ ಕೆಲಸಕ್ಕೆ. ಅದರ ಕಪ್ಪನ್ನು ತೊಳೆದು, ಉಳಿದ ಪಾರದರ್ಶಕ ಹಾಳೆಯ ಮೇಲೆ ಸೂಜಿಯಿಂದ ಚೌಕ ಗೀರಿ, ನಕ್ಷತ್ರ ನಕ್ಷೆಯ ಮೇಲೆ ಇಟ್ಟು, ಧೂಮಕೇತು ಇಂದು ಎಲ್ಲಿದೆ, ನಾಳೆ ಎಲ್ಲಿ ಎಂದು ಗುರುತು ಹಾಕುತ್ತಿದ್ದರು. ಆ ಹಾಳೆ ತೋರಿಸುವ ನೆಪದಲ್ಲಿ ಮನೆಗೆ ಕರೆದರು, ಅವರ ಹೆಂಡತಿ ಕಾಫಿ ಕೊಟ್ಟರು. ಅಲ್ಲಿಂದ ಶುರುವಾದದ್ದು ನನ್ನ ಹುಚ್ಚು.

ಅವರು ಗಲ್ಫಿನಲ್ಲಿ ಮೂವತ್ತು ವರ್ಷ ಒಂದು ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಗಂಟೆಗೊಮ್ಮೆ ಮೀಟರು ನೋಡಿ ಪುಸ್ತಕದಲ್ಲಿ ಬರೆದವರು. ಬರುವಾಗ ಬಂಗಾರದ ಬದಲು ತೊಡೆಯಷ್ಟು ದಪ್ಪದ ದುರ್ಬೀನು ತಂದರು. ಆ ಸಿಟ್ಟು ಹೆಂಡತಿಗೆ ಇನ್ನೂ ಇಳಿದಿಲ್ಲ. ಮೀಟರಿನ ಕಥೆ ಒಂದನ್ನು ಅವರು ನನಗೆ ನೂರು ಸಲ ಹೇಳಿರಬಹುದು. ಜೊತೆಯಲ್ಲಿದ್ದ ಒಬ್ಬ, ಪಾಪ, ನಿದ್ದೆಗಣ್ಣಿನಲ್ಲಿ ಮೀಟರು ನೋಡದೆ ಹಿಂದಿನ ಗಂಟೆಯ ಸಂಖ್ಯೆಯನ್ನೇ ಕೆಳಗೆ ಇಳಿಸಿದನಂತೆ. ಆ ಗಂಟೆಯಲ್ಲೇ ಏನೋ ಕೆಟ್ಟಿತ್ತು. ಮಾರನೇ ವಾರ ಅವನನ್ನು ಊರಿಗೆ ಕಳಿಸಿದರು. "ನೋಡದೆ ಬರೆದವರನ್ನು ಊರಿಗೆ ಕಳಿಸುತ್ತಾರೆ, ಗೊತ್ತುಂಟಲ್ವಾ?" ಎಂದು ಕಥೆ ಮುಗಿಸುತ್ತಿದ್ದರು.

ಧೂಮಕೇತುವಿನ ಬೆಳಕು ಅಂದಾಜು ಮಾಡುವುದನ್ನು ಕಲಿಸಿದವರೂ ಅವರೇ. ನಕ್ಷತ್ರ ಒಂದು ಚುಕ್ಕಿ, ಧೂಮಕೇತು ಹಿಂಜಿದ ಹತ್ತಿ; ಎರಡನ್ನು ಹೋಲಿಸುವುದು ಹೇಗೆ? ನಕ್ಷತ್ರವನ್ನೂ ಮಸುಕು ಮಾಡಬೇಕು. ಉಳಿದವರು ಅದಕ್ಕೆ ದುರ್ಬೀನಿನ ತಿರುಪು ತಿರುಗಿಸುತ್ತಾರೆ. ನಾನು ಕನ್ನಡಕ ಹಾಕಿ ಧೂಮಕೇತು ನೋಡುತ್ತೇನೆ, ಕನ್ನಡಕ ತೆಗೆದು ನಕ್ಷತ್ರ ನೋಡುತ್ತೇನೆ. ಶಾಲೆಯಲ್ಲಿ ಮಾನ ತೆಗೆದ ಕಣ್ಣು ಇಲ್ಲಿ ಉಪಯೋಗಕ್ಕೆ ಬಂತು. ಯಾವ ನಕ್ಷತ್ರದ ಮಸುಕಿಗೆ ಇದರ ಮಸುಕು ಸರಿಹೋಗುತ್ತದೋ ಆ ನಕ್ಷತ್ರದ ಕಾಂತಿಯ ಸಂಖ್ಯೆಯೇ ಇದರದ್ದು. ಈ ಲೆಕ್ಕ ತಲೆಕೆಳಗು: ಸಂಖ್ಯೆ ಚಿಕ್ಕದಾದಷ್ಟು ಬೆಳಕು ಹೆಚ್ಚು. ಆರು ಎಂದರೆ ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿಗೆ ಇದೆಯೋ ಇಲ್ಲವೋ ಎಂಬಷ್ಟು.

ಇನ್ನೊಂದು ಗುಟ್ಟೂ ಹೇಳಿಕೊಟ್ಟಿದ್ದರು. ಮಂಕಾದದ್ದನ್ನು ನೇರ ನೋಡಿದರೆ ಮಾಯವಾಗುತ್ತದೆ, ಸ್ವಲ್ಪ ಬದಿಗೆ ದೃಷ್ಟಿ ಇಟ್ಟರೆ ಕಾಣುತ್ತದೆ. ಕತ್ತಲಲ್ಲಿ ಕಣ್ಣಿನ ನಡುವಿಗಿಂತ ಬದಿಯೇ ಚುರುಕು. "ಹೆಣ್ಣು ನೋಡಲಿಕ್ಕೆ ಹೋದ ಹುಡುಗನ ಹಾಗೆ ನೋಡು. ಕಣ್ಣು ಕಾಫಿ ಲೋಟದ ಮೇಲೆ, ಗಮನ ಬಾಗಿಲ ಮೇಲೆ" ಎನ್ನುತ್ತಿದ್ದರು.

ನಮ್ಮ ಪದ್ಧತಿ ಹೀಗಿತ್ತು. ಒಬ್ಬರ ಸಂಖ್ಯೆ ಇನ್ನೊಬ್ಬರ ಕಿವಿಗೆ ಬೀಳಬಾರದು. ದಿನದ ಕ್ಯಾಲೆಂಡರಿನಿಂದ ಹರಿದ ನಿನ್ನೆಯ ಹಾಳೆಯ ಹಿಂದೆ ಬರೆದು, ಮಡಚಿ, ಗಲ್ಫಿನ ಮಿಠಾಯಿ ಡಬ್ಬಿಗೆ ಹಾಕಬೇಕು. ಆಮೇಲೆ ಅವರದ್ದನ್ನು ನಾನು ತೆರೆಯಬೇಕು, ನನ್ನದನ್ನು ಅವರು. ಎರಡನ್ನೂ ಪುಸ್ತಕದಲ್ಲಿ ಬರೆದು, ಲೋಕದ ನಾನಾ ಕಡೆಯ ವೀಕ್ಷಕರು ಅಂದಾಜು ಕಳಿಸುವ ಒಂದು ಪಟ್ಟಿಗೆ ನಾನು ಕಳಿಸುತ್ತಿದ್ದೆ. ಮೊದಲ ವರ್ಷ ಒಮ್ಮೆ ನನಗೆ ಏನೂ ಕಾಣದೆ ನಾಚಿಕೆಯಿಂದ ಯಾವುದೋ ಸಂಖ್ಯೆ ಬರೆದಿದ್ದೆ. ಅವರು ನನ್ನ ಮುಖ ನೋಡಿಯೇ ಹಿಡಿದರು. "ಕಾಣಲಿಲ್ಲ ಎಂದು ಬರೆಯಲಿಕ್ಕೆ ಎಂತ ಕಷ್ಟ? ಕಾಣದಿದ್ದರೆ ಅದೂ ಒಂದು ವರದಿಯೇ" ಎಂದರು. ನಾವು ವಿಜ್ಞಾನಿಗಳಲ್ಲ, ನಮ್ಮಲ್ಲಿ ದೊಡ್ಡ ಯಂತ್ರವಿಲ್ಲ. ಕಂಡದ್ದನ್ನೇ ಬರೆಯುತ್ತೇವೆ ಎಂಬ ಒಂದು ಮಾತಿನ ಮೇಲೆ ನಮ್ಮ ಇಡೀ ವ್ಯವಹಾರ ನಿಂತಿತ್ತು.

ಆ ವರ್ಷ ಹೊಸ ಧೂಮಕೇತು ಬಂತು. ಮಳೆಗಾಲಕ್ಕೆ ಮೊದಲು ಯಾವುದೋ ದೂರದೇಶದ ಯಂತ್ರ ಅದನ್ನು ಹಿಡಿದಿತ್ತು. ಯಾವ ದಿನ ಎಲ್ಲಿರುತ್ತದೆ, ಎಷ್ಟು ಬೆಳಗುತ್ತದೆ ಎಂಬ ಮುನ್ಸೂಚನೆಯ ಕೋಷ್ಟಕ ಮೊಬೈಲಿನಲ್ಲಿ ಸಿಗುತ್ತಿತ್ತು. ಆದರೆ ಹೊಸ ಧೂಮಕೇತು ಹೊಸ ಅಳಿಯನ ಹಾಗೆ, ಯಾವಾಗ ಎಂತ ಮಾಡುತ್ತಾನೆ ಎಂದು ಹೇಳಲಿಕ್ಕಾಗುವುದಿಲ್ಲ ಎಂದು ಪೊರ್ಬುಗಳೇ ನಗುತ್ತಿದ್ದರು. ನವರಾತ್ರಿಗೆ ಮೊದಲು, ಕಾರ್ಕಳ ದಾಟಿ ಬಜಗೋಳಿಯ ಹತ್ತಿರದ ಒಂದು ಬೋಳು ಪಾದೆಕಲ್ಲಿನ ಮೇಲೆ, ಬೆಳಗ್ಗಿನ ಜಾವ ನಾವು ಅದನ್ನು ಮೊದಲು ಹಿಡಿದೆವು. ಹಿಡಿದದ್ದು ನಾನು. "ನೀನೇ ತಿರುಗಿಸಿ ಕೊಡು, ನನ್ನ ಸೊಂಟ ಬಗ್ಗುವುದಿಲ್ಲ" ಎಂದರು. ನನ್ನ ಹಾಳೆಯಲ್ಲಿ 8.9, ಅವರದ್ದರಲ್ಲಿ 8.6. "ನಿನಗಿಂತ ನನ್ನ ಕಣ್ಣೇ ಚುರುಕು" ಎಂದು ತಮಾಷೆ ಮಾಡಿದರು. ನಾನು ಹಲ್ಲು ಕಚ್ಚಿ ನಕ್ಕೆ. ವಾಪಸು ಬರುವಾಗ ಅಂಗಿಯ ಕಿಸೆಯಿಂದ ಸಣ್ಣ ಬಾಟ್ಲಿ ತೆಗೆದು ಕಣ್ಣಿಗೆ ಹನಿ ಬಿಟ್ಟುಕೊಂಡರು. ಎಂತ ಅದು ಎಂದೆ. "ಧೂಳಿಗೆ" ಎಂದರು.

ಆಮೇಲೆ ಅದು ಕೆಲವು ವಾರ ಸೂರ್ಯನ ಹಿಂದೆ ಹೋಗಿ, ದೀಪಾವಳಿ ಕಳೆದ ಮೇಲೆ ಸಂಜೆಯ ಪಡುವಣಕ್ಕೆ ಬಂತು. ಪಡುವಣ ಎಂದರೆ ನಮಗೆ ಕಾಪು. ಕತ್ತಲಾಗುವುದಕ್ಕೂ ಅದು ಕಡಲಿಗೆ ಇಳಿಯುವುದಕ್ಕೂ ನಡುವೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಡ್ಯೂಟಿ ಮುಗಿಸಿ, ಮಣಿಪಾಲದಿಂದ ಇಳಿದು, ಉದ್ಯಾವರದಲ್ಲಿ ಅವರನ್ನು ಕಾರಿಗೆ ಹತ್ತಿಸಿ, ಹೆದ್ದಾರಿಯ ಲಾರಿಗಳಿಗೆ ಬೈಯುತ್ತಾ ಹೋಗಿ, ಲೈಟ್‌ಹೌಸಿನ ತೆಂಕಕ್ಕೆ ಎಳೆದಿಟ್ಟ ದೋಣಿಗಳ ಮರೆಯಲ್ಲಿ ಸ್ಟ್ಯಾಂಡು ನಿಲ್ಲಿಸಬೇಕು. ಲೈಟ್‌ಹೌಸಿನ ಬೆಳಕು ತಲೆಯ ಮೇಲೆ ತಿರುಗಿ ಹೋಗುವಾಗ ಕಣ್ಣು ಮುಚ್ಚಬೇಕು, ಹೋದ ಮೇಲೆ ತೆರೆಯಬೇಕು. ನೋಡಲು ಬಂದವರು "ಎಂತ ಉಂಟು ಮೇಡಂ, ಏಲಿಯನ್ನಾ?" ಎಂದು ಮೊಬೈಲಿನ ಟಾರ್ಚು ನಮ್ಮ ಮುಖಕ್ಕೇ ಹಿಡಿಯುತ್ತಿದ್ದರು. ನನ್ನ ಬಾಯಿಂದ ಬರುವ ತುಳುವಿಗೆ ಪೊರ್ಬುಗಳು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಮುಖ್ಯವಾದ ಸಂಜೆಗೆ ಬರುತ್ತೇನೆ. ಕೋಷ್ಟಕದ ಪ್ರಕಾರ ಅಂದು 7.4 ಇರಬೇಕಿತ್ತು. ಕಣ್ಣು ಇಟ್ಟೆ. ಮುನ್ನಾದಿನ ಮಂಕಾಗಿದ್ದದ್ದು ಈಗ ನಡುವೆ ಗಟ್ಟಿಯಾಗಿ ಬೆಳಗುತ್ತಿತ್ತು. ಕನ್ನಡಕ ಹಾಕಿದೆ, ತೆಗೆದೆ, ಹಾಕಿದೆ, ತೆಗೆದೆ. ಮೂರು ನಕ್ಷತ್ರಗಳ ಜೊತೆ ಹೋಲಿಸಿದೆ. ಬರಿಗಣ್ಣಿನಲ್ಲೂ ಒಮ್ಮೆ ಕಂಡಿತೋ ಎಂದು ಅನುಮಾನ. 5.9 ಎಂದು ಬರೆದೆ. ಧೂಮಕೇತು ಒಮ್ಮೆಲೇ ಉಕ್ಕಿದೆ. ಲೋಕದಲ್ಲಿ ಬೇರೆ ಯಾರೂ ಇದನ್ನು ಇನ್ನೂ ಹೇಳಿಲ್ಲ. ಈ ಸೋಡಾ ಬಾಟ್ಲಿ ಮೊದಲು ಹೇಳುತ್ತಾಳೆ! ಅವರಿಗೆ ಜಾಗ ಬಿಟ್ಟು ನಿಂತವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವರು ನೋಡಿದರು, ಬರೆದರು, ಡಬ್ಬಿಗೆ ಹಾಕಿದರು. ನಾನು ತೆರೆದೆ. 7.4.

"ಪೊರ್ಬುಗಳೇ, ಇನ್ನೊಮ್ಮೆ ನೋಡಿ. ಎಷ್ಟು ಬೆಳಗುತ್ತಾ ಉಂಟು!"

ನನ್ನ ಹಾಳೆ ಬಿಡಿಸಿ ಓದಿದರು. "ಐದು ಪಾಯಿಂಟ್ ಒಂಬತ್ತಾ? ಆಗಲಿಕ್ಕಿಲ್ಲ. ಕೆಳಗೆ ಬೋಟುಗಳ ಬೆಳಕು ಉಂಟು, ತೆಳು ಮೋಡ ಉಂಟು. ನೀನು ಹತ್ತಿರದ ನಕ್ಷತ್ರವನ್ನೂ ಸೇರಿಸಿ ನೋಡಿದ್ದಿ."

"ಸೇರಿಸಲಿಲ್ಲ."

"ಹಾಗಾದರೆ ಕನ್ನಡಕದ ಪವರ್ ನೋಡಿಸು, ಮಾರಾಯ್ತಿ."

ಆ ಮಾತು ನಾಟಿತು. ಉದ್ಯಾವರದಲ್ಲಿ ಅವರನ್ನು ಇಳಿಸಿದೆ. ಮನೆಗೆ ಬಂದು ವರದಿ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಮಾಡಿದೆ. ಹನ್ನೆರಡು ವರ್ಷ ಅವರ ಮಾತು ನಂಬಿದವಳು. ಅವರಿಗೆ 7.4 ಕಂಡಿದ್ದರೆ ನನಗೆ ಕಂಡದ್ದು ಏನು? ಕಳಿಸಲಿಲ್ಲ. ಆಕಾಶ ನೋಡಿ ನಾಳೆ ತೀರ್ಮಾನಿಸುವಾ ಎಂದುಕೊಂಡೆ.

ನಾಳೆ ಮೋಡ. ನಾಡಿದ್ದೂ ಮೋಡ. ಮೂರನೆಯ ದಿನವೂ ಮೋಡ. ಆ ಮೂರು ದಿನ ನಾನು ಒಂದು ಕಡೆ ಕೂತದ್ದಿಲ್ಲ. ಆಸ್ಪತ್ರೆಯ ತಾರಸಿಗೆ ಹತ್ತಿ ಇಳಿದು, ಮೊಬೈಲಿನ ಪಟ್ಟಿ ತೆರೆದು ಮುಚ್ಚಿ, ಅನ್ನಕ್ಕೆ ಉಪ್ಪು ಎರಡು ಸಲ ಹಾಕಿ. ಎದೆಯ ಎಕ್ಸ್‌ರೇಗೆ ನಿಂತ ಒಬ್ಬರಿಗೆ "ಉಸಿರು ಹಿಡಿಯಿರಿ" ಎಂದವಳು "ಬಿಡಿ" ಎನ್ನುವುದನ್ನೇ ಮರೆತೆ. ಪಾಪ, ಅವರು ಕೆಂಪಾಗಿ ತಾವೇ ಕೇಳಿದರು.

ಮೂರನೆಯ ಸಂಜೆ ಪಟ್ಟಿಯಲ್ಲಿ ಬಂತು. ಯಾವುದೋ ದೇಶದ ಯಾರೋ ಒಬ್ಬರು, ನಾನು ನೋಡಿದ ಮಾರನೆಯ ರಾತ್ರಿ: 5.8, ಧೂಮಕೇತು ದಿಢೀರನೆ ಬೆಳಗಿದೆ, ಎಲ್ಲರೂ ಗಮನಿಸಿ. ಅದರ ಕೆಳಗೆ ಸಾಲು ಸಾಲು ಅಂಥದ್ದೇ ವರದಿ. ಒಂದು ದಿನ ಮೊದಲು ಕಂಡವಳು ನಾನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅತ್ತೆಯಾ ಎಂದು ಕೇಳಬೇಡಿ. ಬಚ್ಚಲು ಮನೆಯ ಬಾಗಿಲು ಹಾಕಿಕೊಂಡು ಅತ್ತೆ.

ಅಳು ನಿಂತ ಮೇಲೆ ಕೋಪ ಬಂತು. ಪುಸ್ತಕ ತೆಗೆದು ಅವರ ಸಂಖ್ಯೆಗಳನ್ನೂ ಹಳೆಯ ಕೋಷ್ಟಕಗಳನ್ನೂ ಪಕ್ಕಪಕ್ಕ ಇಟ್ಟೆ. ಒಂದು ವರ್ಷದಿಂದ, ಮೂರು ಧೂಮಕೇತುಗಳಿಗೆ, ಅವರ ಒಂದೊಂದು ಅಂದಾಜೂ ಮುನ್ಸೂಚನೆಗೆ ಸರಿಯಾಗಿ ಸಮ. ದಶಮಾಂಶವೂ ಬಿಡದೆ. ಅದಕ್ಕೆ ಹಿಂದಿನ ವರ್ಷಗಳಲ್ಲಿ ಹಾಗಿಲ್ಲ. ಮೇಲೆ ಕೆಳಗೆ, ಮನುಷ್ಯನ ಕಣ್ಣಿಗೆ ಕಾಣುವ ಹಾಗೆ. ಅಂದರೆ ಈ ಮನುಷ್ಯ ಮನೆಯಲ್ಲೇ ಕೋಷ್ಟಕ ಬಾಯಿಪಾಠ ಮಾಡಿ ಬಂದು, ಸುಮ್ಮನೆ ಕಣ್ಣಿಟ್ಟು, ಅದನ್ನೇ ಬರೆಯುತ್ತಿದ್ದರು. ಮೀಟರಿನ ಕಥೆ ನೂರು ಸಲ ಹೇಳಿದವರು! ಸೋಮಾರಿತನ ಎಂದುಕೊಂಡೆ, ಅಹಂಕಾರ ಎಂದುಕೊಂಡೆ. ಆ ಕಳ್ಳತನ ಮುಚ್ಚಲಿಕ್ಕೆ ನನ್ನ ಕನ್ನಡಕಕ್ಕೆ ಬೈದರಲ್ಲ, ಅದನ್ನು ಮಾತ್ರ ನುಂಗಲಿಕ್ಕಾಗಲಿಲ್ಲ. ಕಿಸೆಯ ಆ ಸಣ್ಣ ಬಾಟ್ಲಿ ನನಗೆ ಒಮ್ಮೆಯೂ ನೆನಪಾಗಲಿಲ್ಲ. ಕೋಪಕ್ಕೆ ಕಣ್ಣು ಎಲ್ಲಿ ಉಂಟು?

ಬಾಯಿಬಿಟ್ಟು ಕೇಳಬಹುದಿತ್ತು. ನನಗೆ ಕೈಯಾರೆ ಹಿಡಿಯಬೇಕಿತ್ತು.

ನಾಲ್ಕನೆಯ ಸಂಜೆ ಆಕಾಶ ತೆರೆಯಿತು. ಅವರು ಫ್ಲಾಸ್ಕು ಹಿಡಿದು ಕಾರಿನಿಂದ ನಿಧಾನ ಇಳಿದು ಬರುವಷ್ಟರಲ್ಲಿ ನಾನು ನೋಡಿ, 6.3 ಎಂದು ಬರೆದು, ಡಬ್ಬಿಗೆ ಹಾಕಿದ್ದೆ. ಆಮೇಲೆ ದುರ್ಬೀನನ್ನು ಬಡಗಕ್ಕೆ ಒಂದು ಗೇಣು ತಿರುಗಿಸಿ ಬಿಗಿ ಮಾಡಿದೆ. ಅಲ್ಲಿ ಎರಡು ಬಡ ನಕ್ಷತ್ರ ಬಿಟ್ಟರೆ ಏನೂ ಇಲ್ಲ. ಅಂದಿನ ಕೋಷ್ಟಕದಲ್ಲಿ ಹೊಸ ಲೆಕ್ಕ ಸೇರಿಸಿ 6.2 ಎಂದು ಬದಲಾಯಿಸಿದ್ದರು. ಅವರು ಅದನ್ನೇ ಬರೆಯುತ್ತಾರೆ, ನಾನು ಹಾಳೆಯನ್ನು ಮುಖಕ್ಕೆ ಹಿಡಿಯುತ್ತೇನೆ ಎಂದು ಕಾದು ನಿಂತೆ.

"ನಡುವಿನಲ್ಲೇ ಉಂಟು, ನೋಡಿ."

ಅವರು ಸ್ಟೂಲಿನ ಮೇಲೆ ಕೂತು ಕಣ್ಣಿಟ್ಟರು. ಎಂದಿಗಿಂತ ಹೆಚ್ಚು ಹೊತ್ತು. ಲೈಟ್‌ಹೌಸಿನ ಬೆಳಕು ಎಷ್ಟು ಸುತ್ತು ಬಂತೋ ಎಣಿಸುವುದನ್ನು ಬಿಟ್ಟೆ. ಒಮ್ಮೆ ಕಣ್ಣು ಒರೆಸಿಕೊಂಡರು, ಮತ್ತೆ ನೋಡಿದರು. ತಲೆ ಸ್ವಲ್ಪ ಬದಿಗೆ, ಮತ್ತೆ ಇನ್ನೊಂದು ಬದಿಗೆ. ಕೊನೆಗೆ ಹಾಳೆ ತೊಡೆಯ ಮೇಲಿಟ್ಟು ಬರೆದು, ಡಬ್ಬಿಗೆ ಹಾಕದೆ ನೇರ ನನ್ನ ಕೈಗೆ ಕೊಟ್ಟರು.

ಕಣ್ಣು ಕೋರೈಸದ ಕೆಂಪು ಟಾರ್ಚು ಹಿಡಿದು ತೆರೆದೆ. ಸಂಖ್ಯೆ ಇರಲಿಲ್ಲ. "ಕಾಣಲಿಲ್ಲ" ಎಂದು ಬರೆದಿದ್ದರು.

"ಪಟ್ಟಿ ನಾನೂ ನೋಡಿದೆ ಮಗಾ" ಎಂದರು. "ಅವತ್ತು ನಿನ್ನದೇ ಸರಿ ಇತ್ತು. ನಾನು ನೋಡಿ ಬರೆದದ್ದಲ್ಲ. ಒಂದು ವರ್ಷದಿಂದ ಹಾಗೇ. ಗ್ಲಾಕೋಮಾ ಅಂತೆ. ನಡುವಿನದ್ದೆಲ್ಲ ಚೆನ್ನಾಗಿ ಕಾಣುತ್ತದೆ, ಪೇಪರ್ ಓದುತ್ತೇನೆ, ನಿನ್ನ ಮುಖ ಕಾಣುತ್ತದೆ. ಬದಿಯದ್ದು ಹೋಗಿದೆ. ಬದಿಗಣ್ಣಿಲ್ಲದೆ ಇದನ್ನು ನೋಡುವುದು ಹೇಗೆ? ಕಾಣುವುದಿಲ್ಲ ಎಂದರೆ ನೀನು ಕರೆದುಕೊಂಡು ಬರುವುದನ್ನು ಬಿಡುತ್ತಿ ಎಂದು ಹೆದರಿಕೆ ಆಯಿತು. ಇವತ್ತು ಸತ್ಯ ಬರೆಯಬೇಕು ಎಂದು ಮನೆಯಿಂದಲೇ ನಿರ್ಧಾರ ಮಾಡಿ ಬಂದೆ."

ಸುಮ್ಮನಿದ್ದುಬಿಡಬಹುದಿತ್ತು, ಅವರಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಆದರೆ ಅವರು ಒಂದು ವರ್ಷದ ಸುಳ್ಳನ್ನು ಬಿಟ್ಟು ಕೊಟ್ಟ ಹಾಳೆ ನನ್ನ ಕೈಯಲ್ಲಿತ್ತು.

"ಪೊರ್ಬುಗಳೇ, ಅಲ್ಲಿ ಏನೂ ಇರಲಿಲ್ಲ. ನಾನು ಬೇಕೆಂದೇ ಬೇರೆ ಕಡೆ ತಿರುಗಿಸಿದ್ದೆ. ನಿಮ್ಮನ್ನು ಹಿಡಿಯಲಿಕ್ಕೆ."

ಅವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಕಡಲ ಕಡೆ ಮುಖ ತಿರುಗಿಸಿದರು.

"ಹಾಗಾದರೆ ಅದು ವರದಿ ಅಲ್ಲ" ಎಂದರು. "ಕಳಿಸಬೇಡ. ಈಗ ಸರಿಯಾದ ಜಾಗಕ್ಕೆ ತಿರುಗಿಸು."

ತಿರುಗಿಸಿದೆ. ಧೂಮಕೇತು ಕಡಲಿನಿಂದ ಎರಡು ಬೆರಳು ಮೇಲೆ ಇತ್ತು. ನನಗೆ ಸ್ಪಷ್ಟವಾಗಿ ಕಂಡಿತು. ಅವರು ಕಣ್ಣಿಟ್ಟರು. ನಾನು ಹಿಂದೆ ನಿಂತು, ಕಾಣಲಿ ದೇವರೇ, ಒಮ್ಮೆ ಕಾಣಲಿ ಎಂದು ಕಡಿಯಾಳಿಯ ದೇವಸ್ಥಾನದ ಅಮ್ಮನಿಗೂ ಉದ್ಯಾವರದ ಇಗರ್ಜಿಗೂ ಒಟ್ಟಿಗೆ ಹೇಳಿಕೊಂಡೆ. ಅವರು ಎರಡನೆಯ ಹಾಳೆಯಲ್ಲೂ ಅದನ್ನೇ ಬರೆದರು. ಆ ರಾತ್ರಿ ಅವರ ಹೆಸರಿನಲ್ಲಿ ಅದನ್ನು ಕಳಿಸಿದೆ. ಜೊತೆಗೆ ಅವರು ಹೇಳಿ ಬರೆಸಿದಂತೆ, ಹಿಂದಿನ ಒಂದು ವರ್ಷದ ಅವರ ಅಂದಾಜುಗಳನ್ನೆಲ್ಲ ತೆಗೆದುಹಾಕಬೇಕೆಂಬ ಕೋರಿಕೆಯನ್ನೂ.

ಅದಕ್ಕೆ ಮೊದಲು, ಮನೆಯ ಗೇಟಿನ ಮುಂದೆ ಇಳಿಯುವಾಗ ಅವರು ಕೇಳಿದರು: "ನಾಳೆ ಎಷ್ಟು ಗಂಟೆಗೆ?"

"ಬರ್ತೀರಾ?"

"ಬಾರದೆ? ಆದರೆ ನಾಳೆಯಿಂದ ದುರ್ಬೀನು ನಾನೇ ತಿರುಗಿಸುತ್ತೇನೆ." ದನಿಯಲ್ಲಿ ಸಿಟ್ಟಿರಲಿಲ್ಲ. ಫ್ಲಾಸ್ಕು ಎತ್ತಿಕೊಂಡು ಒಳಗೆ ಹೋದರು.

ಮಾರನೆಯ ಸಂಜೆ ಅವರೇ ತಿರುಗಿಸಿದರು. ಬಗ್ಗುವುದಿಲ್ಲ ಎಂದಿದ್ದ ಸೊಂಟ ಬಗ್ಗಿಸಿ, ಕೆಳಗಿನ ಬೆಳಗುವ ನಕ್ಷತ್ರದಿಂದ ಹಿಡಿದು, ಗೀರಿದ ಫಿಲ್ಮಿನ ಚೌಕ ಎಣಿಸುತ್ತಾ, ಒಂದೊಂದೇ ನಕ್ಷತ್ರ ದಾಟುತ್ತಾ. ದಾರಿ ತಪ್ಪಿದರು, ಮೊದಲಿನಿಂದ ಶುರು ಮಾಡಿದರು, ಮತ್ತೆ ತಪ್ಪಿದರು. "ಸ್ವಲ್ಪ ಎಡಕ್ಕೆ" ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದು ವಾಪಸು ಹೋಯಿತು. ಅದನ್ನು ಹೇಳುವ ಹಕ್ಕು ನಾನು ಕಳೆದುಕೊಂಡಿದ್ದೆ. ಕೈ ಹಿಂದೆ ಕಟ್ಟಿ, ಮರಳಿನಲ್ಲಿ ಅತ್ತಿಂದಿತ್ತ ನಡೆದೆ. ಮುಕ್ಕಾಲು ಗಂಟೆ ಕಳೆದು ಧೂಮಕೇತು ಕಡಲಿಗೆ ಇಳಿಯಿತು. ನಾನು ಒಮ್ಮೆಯೂ ಕಣ್ಣಿಡಲಿಲ್ಲ.

ಹಾಳೆ ಹಂಚಿದರು. ಅವರು ಬರೆದರು, ನಾನೂ ಬರೆದೆ. ಪದ್ಧತಿಯಂತೆ ಅವರದ್ದನ್ನು ನಾನು ತೆರೆದೆ, ನನ್ನದನ್ನು ಅವರು. ಎರಡರಲ್ಲೂ "ಕಾಣಲಿಲ್ಲ" ಎಂದೇ ಇತ್ತು.

ಅವರು ನನ್ನ ಹಾಳೆಯನ್ನು ಕೆಂಪು ಬೆಳಕಿನಲ್ಲಿ ಎರಡು ಸಲ ಓದಿ, ನಾಲ್ಕು ತುಂಡು ಮಾಡಿ ನನ್ನ ಅಂಗೈಯಲ್ಲಿ ಇಟ್ಟರು.

"ನೀನು ಇವತ್ತು ನೋಡಲೇ ಇಲ್ಲ ಮಾರಾಯ್ತಿ. ನೋಡದೆ ಬರೆದವರನ್ನು ಊರಿಗೆ ಕಳಿಸುತ್ತಾರೆ, ಗೊತ್ತುಂಟಲ್ವಾ?"

ನಮ್ಮ ಪುಸ್ತಕದಲ್ಲಿ ಆ ದಿನಕ್ಕೆ ಒಂದೇ ಸಾಲು ಇದೆ, ಅದು ಅವರದ್ದು.